ಸ್ಪೂಲ್ ಪಿನ್ ಮಾಡಿದವರಿಗೆ ಬಹಿರಂಗ ಪತ್ರ

ಮಾನ್ಯ ಬೀಗ ತಯಾರಕರೇ,

ಕೀಲಿಯಿಲ್ಲದೆ ಬೀಗ ತೆಗೆಯುವವರನ್ನು ಓಡಿಸಲೆಂದು ನೀವು ಸೆಕ್ಯುರಿಟಿ ಪಿನ್ ಹಾಕಿದಿರಿ. ನಮ್ಮನ್ನು ಈ ಹವ್ಯಾಸಕ್ಕೆ ಕಟ್ಟಿಹಾಕಿದ್ದು ಅದೇ ಪಿನ್ನು. ಅದಕ್ಕಾಗಿ ಮನಸಾರೆ ಧನ್ಯವಾದ.

1861ರಲ್ಲಿ ಲೈನಸ್ ಯೇಲ್ ಜೂನಿಯರ್ ಪೇಟೆಂಟ್ ಪಡೆದ ಮಾದರಿಯ ಸಾದಾ ಪಿನ್ ಬೀಗ ಬೇಗ ಸೋಲುತ್ತದೆ. ಟೆನ್ಷನ್ ರೆಂಚಿನಿಂದ ತುಸು ಒತ್ತಡ ಕೊಟ್ಟು, ಬಿಗಿದುಕೊಂಡ ಪಿನ್ನನ್ನು ಹುಡುಕಿ ಎತ್ತುತ್ತಾ ಹೋದರಾಯಿತು. ನಿಮ್ಮ ಸೆಕ್ಯುರಿಟಿ ಪಿನ್ನುಗಳಲ್ಲಿ ಒಂದಾದ ಸ್ಪೂಲ್ ಹಾಗಲ್ಲ. ದಾರ ಸುತ್ತುವ ರೀಲಿನ ಹಾಗೆ ಅದರ ನಡು ಸಪೂರ. ಆ ನಡು ಷಿಯರ್ ಲೈನಿಗೆ, ಅಂದರೆ ತಿರುಗುವ ಸಿಲಿಂಡರಿಗೂ ಬೀಗದ ಮೈಗೂ ನಡುವಿನ ಗೆರೆಗೆ, ಬಂದ ಕೂಡಲೇ ಸಿಲಿಂಡರ್ ಕೆಲವೇ ಡಿಗ್ರಿ ತಿರುಗಿ ಗಕ್ಕನೆ ನಿಲ್ಲುತ್ತದೆ. ತೆರೆಯಿತೆಂದು ನಂಬಿ ಜೋರು ಮಾಡಿದಿರೋ, ಪಿನ್ನಿನ ಅಂಚು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಪಿಕ್ ಎಂಬ ಸಪೂರ ಕಡ್ಡಿಯಿಂದ ಒಂದೊಂದೇ ಪಿನ್ನನ್ನು ಮೆಲ್ಲಗೆ ಒತ್ತಿ ನೋಡಬೇಕು. ಸಿಲಿಂಡರ್ ಹಿಂದಕ್ಕೆ ತಳ್ಳುವುದು ಯಾವುದರಲ್ಲಿ ಬೆರಳಿಗೆ ತಾಗುತ್ತದೋ ಅದೇ ಸ್ಪೂಲ್. ಆಗ ರೆಂಚನ್ನು ಕೂದಲೆಳೆಯಷ್ಟು ಸಡಿಲಿಸಿ, ಸಿಲಿಂಡರ್ ಹಿಂದೆ ಸರಿಯಲು ಬಿಡಬೇಕು. ಅತಿಯಾಗಿ ಬಿಟ್ಟರೆ ಕೂತಿದ್ದ ಪಿನ್ನುಗಳೂ ಕೆಳಗಿಳಿಯುತ್ತವೆ, ಮೊದಲಿಂದ ಶುರು. ಇನ್ನೊಂದು ಬಗೆಯ ಸೆಕ್ಯುರಿಟಿ ಪಿನ್ನಾದ ಸೆರೇಟೆಡ್ ಪಿನ್ನಿನ ಮೈತುಂಬ ಗೀರುಗಳು, ಗೀರಿಗೊಂದು ಸುಳ್ಳು ಕ್ಲಿಕ್. ಅಮೆರಿಕನ್ ಲಾಕ್ ಕಂಪನಿಯ 1100 ಸರಣಿಯಲ್ಲಿ ಇವೆರಡೂ ಬೆರೆತಿರುತ್ತವೆ. ಕೈಗೆ ತಾಳ್ಮೆ ಕಲಿಸುವುದರಲ್ಲಿ ಅದಕ್ಕಿಂತ ಒಳ್ಳೆಯ ಮೇಷ್ಟ್ರನ್ನು ನಾನು ಕಾಣೆ.

ದಯವಿಟ್ಟು ನಮ್ಮನ್ನು ಕಳ್ಳರ ಸಾಲಿಗೆ ಸೇರಿಸಬೇಡಿ. ಬೀಗದ ಹವ್ಯಾಸಿಗಳ ಸಂಘವಾದ 'ಟೂಲ್' ಎರಡು ನಿಯಮ ಇಟ್ಟುಕೊಂಡಿದೆ: ಮಾಲೀಕರ ಒಪ್ಪಿಗೆಯಿಲ್ಲದ ಬೀಗಕ್ಕೆ ಕೈ ಹಾಕಬಾರದು, ಬಳಕೆಯಲ್ಲಿರುವ ಬೀಗಕ್ಕಂತೂ ಹಾಕಲೇಬಾರದು. ನಾನು ಮೇಜಿನ ವೈಸಿಗೆ ಸಿಕ್ಕಿಸುವುದು ನನ್ನದೇ ದುಡ್ಡಿನ ಬೀಗಗಳನ್ನು.

ನಿಮ್ಮ ಹಿಂದಿನವರಿಗೆ ನಮ್ಮ ಭಯವಿರಲಿಲ್ಲ. ಬ್ರಾಮಾ ಕಂಪನಿ ಲಂಡನ್ನಿನ ಪಿಕಡಿಲಿಯ ಅಂಗಡಿ ಕಿಟಕಿಯಲ್ಲಿ ಬೀಗವೊಂದನ್ನಿಟ್ಟು, ತೆರೆದವರಿಗೆ 200 ಗಿನಿ ಎಂದು ಸವಾಲು ಹಾಕಿತ್ತು. 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಒಟ್ಟು 51 ಗಂಟೆ ಹೆಣಗಿ ಅದನ್ನು ತೆರೆದ, ಬಹುಮಾನವನ್ನೂ ಪಡೆದ. ಬೀಗದ ಕುಂದನ್ನು ಮುಚ್ಚಿಟ್ಟರೆ ಲಾಭವಾಗುವುದು ಕಳ್ಳನಿಗೇ ಎಂದು ಹಾಬ್ಸ್ ವಾದಿಸಿದ. ನನ್ನದೂ ಅದೇ ಮಾತು.

ಹಾಗಾಗಿ ಒಂದು ಕೋರಿಕೆ. ಡಬ್ಬದ ಮೇಲೆ 'ಹೈ ಸೆಕ್ಯುರಿಟಿ' ಎಂದಷ್ಟೇ ಅಚ್ಚು ಹಾಕಬೇಡಿ. ಒಳಗೆ ಎಷ್ಟು ಪಿನ್ನುಗಳಿವೆ, ಅವುಗಳಲ್ಲಿ ಸ್ಪೂಲ್ ಎಷ್ಟು, ಸೆರೇಟೆಡ್ ಎಷ್ಟು ಎಂದು ಬರೆಯಿರಿ. ಮನೆಬಾಗಿಲಿಗೆ ಬೀಗ ಕೊಳ್ಳುವವರು ಅದನ್ನು ಓದಿಯೇ ದುಡ್ಡು ಕೊಡಲಿ.

ಇಂತಿ,
ಒಬ್ಬ ಬೀಗದ ಹವ್ಯಾಸಿ