ಶಾಸಕತತ್ತ್ವ ಮೀಮಾಂಸೆ: ನಾರಾಯಣಪುರ ಎಡದಂಡೆ ಶಾಖೆ

ಶಾಸಕನೆಂಬ ಪದಾರ್ಥಕ್ಕೆ ಮೂರು ಅವಸ್ಥೆಗಳು: ಭಾವಿ, ಹಾಲಿ, ಮಾಜಿ. ಭಾವಿಯು ಬ್ಯಾನರಿನಲ್ಲಿಯೂ ಹಾಲಿಯು ಬೆಂಗಳೂರಿನಲ್ಲಿಯೂ ಮಾಜಿಯು ಮದುವೆ ಮಂಟಪದಲ್ಲಿಯೂ ಗೋಚರಿಸುವರೆಂದು ಬಲ್ಲವರ ಮತ. ಮೂರು ಕಾಲಗಳ ಈ ವಿದ್ಯೆಯನ್ನು ಅಭ್ಯಾಸ ಮಾಡಲು ಹುಣಸಗಿ ತಾಲ್ಲೂಕಿನ ಕೊಡೇಕಲ್‌ಗಿಂತ ತಕ್ಕ ಸ್ಥಳ ಬೇರೊಂದಿಲ್ಲ. 16ನೇ ಶತಮಾನದ ಕೊಡೇಕಲ್ ಬಸವಣ್ಣನವರ ಕಾಲಜ್ಞಾನದ ಊರು ಇದು. ಆ ಪರಂಪರೆಯವರು ಹೊರಗಿನವರಿಗೆ ತಿಳಿಯದಂತೆ ಅಮರಗನ್ನಡವೆಂಬ ಲಿಪಿಯಲ್ಲಿ ಬರೆದರು. ಅದನ್ನಾದರೂ ಓದುವ ಪಂಡಿತರಿದ್ದಾರೆ. ಫಲಿತಾಂಶ ಬಂದ ಮೇಲೆ ಪ್ರಣಾಳಿಕೆಯನ್ನು ಓದುವವರು ನಮ್ಮ ಸಂಶೋಧನೆಗೆ ಸಿಗಲಿಲ್ಲ.

ಈಗ ಪೂರ್ವಪಕ್ಷ. ಶಾಸಕತ್ವವು ವಂಶದಿಂದ ಬರುತ್ತದೆ ಎಂದು ಕೆಲವರ ವಾದ. ಕೊಡೇಕಲ್ ಸೇರಿದ ಸುರಪುರ ಸೀಮೆಯು ನಾಯಕ ಅರಸರ ಸಂಸ್ಥಾನವಾಗಿದ್ದರಿಂದ ಈ ವಾದಕ್ಕೆ ಬಲವೂ ಉಂಟು. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದವನು. ಅವನು ಬಾಲಕನಾಗಿದ್ದಾಗ ಸಂಸ್ಥಾನ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನನ್ನು ಈ ಸೀಮೆಯ ಮೊದಲ ಉಸ್ತುವಾರಿ ಸಚಿವ ಎನ್ನಬಹುದು. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಮುಂದಿನ ಉಸ್ತುವಾರಿಗಳಾರಿಗೂ ಆ ಬಿರುದು ಸಂದಂತಿಲ್ಲ.

ಆದರೆ ವಂಶವೇ ಕಾರಣವಾದರೆ ಸೋಲು ಎಲ್ಲಿಂದ ಬಂತು? ಆದ್ದರಿಂದ ನಮ್ಮ ಸಿದ್ಧಾಂತ: ಶಾಸಕತ್ವವು ವಾರಾಬಂದಿಯಿಂದ ಬರುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕಾಲುವೆಗೆ ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಎಂದು ನೀರು ಬಿಡುವ ಪದ್ಧತಿಯನ್ನು ಎಡದಂಡೆಯ ರೈತರಿಗೆ ವಿವರಿಸಬೇಕಿಲ್ಲ. ಮತದಾರ ಅದನ್ನೇ ಮತಗಟ್ಟೆಗೂ ಒಯ್ದಿದ್ದಾನೆ.

ಪ್ರಮಾಣ ನೋಡಿ. ಸುರಪುರ ಕ್ಷೇತ್ರದಲ್ಲಿ 1994 ಮತ್ತು 1999ರಲ್ಲಿ ಆ ಅರಸನ ಹೆಸರಿನವರೇ ಆದ ರಾಜಾ ವೆಂಕಟಪ್ಪ ನಾಯಕ ಚಾಲು. 2004ರಲ್ಲಿ ಕೊಡೇಕಲ್‌ನ ನರಸಿಂಹ ನಾಯಕ, ಅಂದರೆ ರಾಜೂಗೌಡ, ವಿಜಯ ಸಂಕೇಶ್ವರರ ಕನ್ನಡ ನಾಡು ಪಕ್ಷದಿಂದ ನಿಂತು ಗೆದ್ದರು. ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು ಅದೊಂದೇ ಸೀಟು. ಶಾಸಕಾಂಗ ಪಕ್ಷದ ಸಭೆಗೆ ಒಂದೇ ಕುರ್ಚಿ ಸಾಕಾಗುತ್ತಿದ್ದ ಆ ಸುವರ್ಣಯುಗದ ಬಗ್ಗೆ ಪ್ರತ್ಯೇಕ ಪ್ರಬಂಧವೇ ಬೇಕು. 2008ರಲ್ಲಿ ಬಿಜೆಪಿಯಿಂದ ಮತ್ತೆ ಅವರೇ, ಮುಂದೆ ಮಂತ್ರಿಯೂ ಆದರು. 2013ರಲ್ಲಿ ಕಾಂಗ್ರೆಸ್ಸಿನ ವೆಂಕಟಪ್ಪ ನಾಯಕ, 2018ರಲ್ಲಿ ರಾಜೂಗೌಡ, 2023ರಲ್ಲಿ ಪುನಃ ವೆಂಕಟಪ್ಪ ನಾಯಕ. ಮೊದಲು ಎರಡು ಅವಧಿಗೊಂದು ಇದ್ದ ಪಾಳಿ ಆಮೇಲೆ ಒಂದೇ ಅವಧಿಗೆ ಇಳಿಯಿತು. ಜಲಾಶಯದ ಮಟ್ಟ ಇಳಿದಾಗ ಪಾಳಿ ಗಿಡ್ಡವಾಗುವುದು ಸಹಜವೇ.

ಶಂಕೆ: ದೊಡ್ಡವರ ಆಶೀರ್ವಾದದಿಂದ ಬಂದ್ ಅನ್ನು ಮುಂದೂಡಬಹುದೇ? ಪರಿಹಾರ: ಆಗದು. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರೇ ಕೊಡೇಕಲ್‌ಗೆ ಬಂದರು. ಸುಮಾರು 4,700 ಕೋಟಿ ರೂಪಾಯಿಯ ಎಡದಂಡೆ ಕಾಲುವೆ ಆಧುನೀಕರಣವನ್ನು ಉದ್ಘಾಟಿಸಿದರು. 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಕಾಲುವೆಯಲ್ಲಿ 10,000 ಕ್ಯುಸೆಕ್ ಎಂದು ಲೆಕ್ಕ ಕೊಟ್ಟರು. ನಾಲ್ಕು ತಿಂಗಳು ತುಂಬುವುದರೊಳಗೆ ಊರಿನವರೇ ಆದ ಹಾಲಿ ಮಾಜಿಯಾದರು. ಗೇಟಿಗೆ ದೂರದಿಂದಲೇ ನಿಯಂತ್ರಿಸುವ ಸ್ಕಾಡಾ ಬಂದಿದೆ. ಮತದಾರನಿಗೆ ಇನ್ನೂ ಬಂದಿಲ್ಲ.

2024ರ ಫೆಬ್ರುವರಿ 25ರಂದು ವೆಂಕಟಪ್ಪ ನಾಯಕರು ತೀರಿಕೊಂಡರು. ಮೇ 7ರ ಉಪಚುನಾವಣೆಯಲ್ಲಿ ಅವರ ಮಗ ರಾಜಾ ವೇಣುಗೋಪಾಲ ನಾಯಕ ಗೆದ್ದರು. ಒಬ್ಬರ ಪಾಳಿಯ ಉಳಿದ ನೀರು ಅದೇ ಹೊಲಕ್ಕೆ ಸಲ್ಲುವುದು ವಾರಾಬಂದಿಯ ನ್ಯಾಯವಾದ್ದರಿಂದ ಸಿದ್ಧಾಂತಕ್ಕೆ ಬಾಧೆಯಿಲ್ಲ. (ಪೂರ್ವಪಕ್ಷದವರು ಇಲ್ಲಿ ನಕ್ಕರೆ ನಗಲಿ.)

ಇನ್ನು ಹಾಲಿಯ ದಿನಚರಿ. ಯಾವ ಪಕ್ಷದವರ ಮನೆಯ ಅಂಗಳವಾದರೂ ಸರಿ, ಬೆಳಿಗ್ಗೆ ಏಳಕ್ಕೆ ಹೋಗಿ ನಿಲ್ಲಿ. ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳ ಕಟ್ಟು, ವರ್ಗಾವಣೆಯ ಅರ್ಜಿ, ಆಸ್ಪತ್ರೆ ಬಿಲ್ಲು, ಗುಡಿಗೆ ತಗಡು.

“ದಣೇರ, ಟಿಸಿ ಸುಟ್ಟು ಎಂಟು ದಿನ ಆತ್ರಿ. ಮೆಣಸಿನಗಿಡ ಒಣಗಾಕತ್ಯಾವ್ರಿ.”

“ಜೆಸ್ಕಾಂನವ್ರಿಗೆ ಫೋನ್ ಹಚ್ಚಪಾ. ಸಂಜಿಮುಂದ ಕೂಡಿಸ್ತಾರ, ಹೋಗು.”

“ಫೋನ್ ಹಚ್ಚಿದ್ರ ಎತ್ತಂಗಿಲ್ರಿ ಅವ್ರು. ನೀವಽ ಹಚ್ರಿ.”

ಸಾಹೇಬರೇ ಫೋನ್ ಹಚ್ಚಿದರು. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಬರಲೂಬಹುದು. ಜಿಜ್ಞಾಸುಗಳು ಗಮನಿಸಬೇಕಾದದ್ದು, ಶಾಸಕರ ಅಂಗಳದ ಇಡೀ ಬೆಳಗಿನಲ್ಲಿ ಶಾಸನದ ಸುದ್ದಿಯೇ ಬರಲಿಲ್ಲ. ಮಸೂದೆಯೊಂದರಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ಕೇಳದ್ದನ್ನು ಅವರೂ ಹೇಳಲಿಲ್ಲ. ಕ್ಷೇತ್ರಾಭಿವೃದ್ಧಿಯ ವರ್ಷದ 2 ಕೋಟಿಯು ಸಿಸಿ ರಸ್ತೆ, ಸಮುದಾಯ ಭವನ, ಹೈಮಾಸ್ಟ್ ದೀಪಗಳಲ್ಲಿ ಲಯವಾಗುತ್ತದೆ. ಉದ್ಘಾಟನಾ ಫಲಕ ಮಾತ್ರ ಅವಿನಾಶಿ.

ನಿಜವಾದ ತಕರಾರು ಬೇರೆಯದೇ. ಈ ಕಾಲುವೆ ಯೋಜನೆ ರೂಪುಗೊಂಡಿದ್ದು ಕಡಿಮೆ ನೀರಿನ ಬೆಳೆಗಳಿಗೆ. ಕಾಲುವೆಯ ತಲೆಭಾಗದವರು ಭತ್ತ ಹಚ್ಚಿದರು. ಕೊನೆಭಾಗದ ಹೊಲಕ್ಕೆ ನೀರು ಮುಟ್ಟಲಿಲ್ಲ. ನಿಷೇಧಿತ ಬೆಳೆ ಎಂಬ ಮಾತು ಆದೇಶದಲ್ಲಿದೆ, ಆದರೆ ಭತ್ತ ಬೆಳೆಯುವವರ ಬಳಿಯೂ ವೋಟಿದೆ. ಹೀಗಾಗಿ ಈ ವಿಷಯದಲ್ಲಿ ಭಾವಿ, ಹಾಲಿ, ಮಾಜಿ ಮೂವರೂ ಒಂದೇ ಮೌನವನ್ನು ಪಾಲಿಸುವುದು ಕಂಡುಬರುತ್ತದೆ. ಸರ್ವಪಕ್ಷ ಸಮ್ಮತವಾದ ಏಕೈಕ ನೀತಿ ಇದು.

ಮುಂದಿನ ಚುನಾವಣೆ 2028ಕ್ಕೆ. ಎಷ್ಟು ದಿನ ಚಾಲು, ಎಷ್ಟು ದಿನ ಬಂದ್ ಎಂದು ನಿರ್ಧರಿಸುವ ನೀರಾವರಿ ಸಲಹಾ ಸಮಿತಿಯ ಸಭೆ ಪ್ರತಿ ವರ್ಷವೂ ನಡೆಯುತ್ತದೆ, ಅಲ್ಲಿ ಶಾಸಕರೂ ಕೂತಿರುತ್ತಾರೆ. ಕೊನೆಭಾಗದ ರೈತ ಓದುಗರು ಮುಂದಿನ ಸಲ ಲಗ್ನಪತ್ರಿಕೆ ಒಯ್ಯುವಾಗ, ಆ ಸಭೆಯಲ್ಲಿ ಏನು ಮಾತಾಡಿದಿರಿ ಎಂದೂ ಒಂದು ಮಾತು ಕೇಳಿ ಬರಬೇಕು.