ಆಪ್ತಮಣಿದರ್ಪಣ: ಷಷ್ಠೀ ಪ್ರಕರಣ

13ನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆಯುವಾಗ ಕೊಪ್ಪಳ ಕಡೆಯ ಹಿಟ್ನಾಳ ಕ್ರಾಸಿನಲ್ಲಿ ಚಹಾದಂಗಡಿ ಇರಲಿಲ್ಲ. ಹಾಗಾಗಿ ‘ಆಪ್ತ’ ಎಂಬ ಪದದ ವಿಭಕ್ತಿ ವಿಚಾರ ಆ ಗ್ರಂಥದಲ್ಲಿ ಬಿಟ್ಟುಹೋಗಿದೆ. ಈ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಮೊದಲು ಅಂಕಿತನಾಮ. ನಮ್ಮ ಕಡೆ ಊರ ಹೆಸರೇ ಅಡ್ಡಹೆಸರು. ರಾಘವೇಂದ್ರ ಹಿಟ್ನಾಳ 2013, 2018, 2023ರಲ್ಲಿ ಕೊಪ್ಪಳದ ಶಾಸಕರಾಗಿ ಗೆದ್ದರು. ರಾಜಶೇಖರ ಹಿಟ್ನಾಳ 2019ರಲ್ಲಿ ಕರಡಿ ಸಂಗಣ್ಣನವರೆದುರು ಸೋತು 2024ರಲ್ಲಿ ಸಂಸದರಾದರು. ಹೀಗೆ ಊರು ದಿಲ್ಲಿಯವರೆಗೆ ನಡೆಯಿತು. ಆಪ್ತನಿಗೆ ಮಾತ್ರ ಅಡ್ಡಹೆಸರಿಲ್ಲ. (ಇವನು ಯಾರ ಕಡೆಯವನೆಂದು ಹುಡುಕಬೇಡಿ. ಎಲ್ಲ ಪಕ್ಷಗಳಲ್ಲೂ ಇದ್ದಾನೆ, ಕೆಲವೊಮ್ಮೆ ಒಂದೇ ವರ್ಷದಲ್ಲಿ.)

ಇವನ ನಿತ್ಯವಿಭಕ್ತಿ ಷಷ್ಠಿ: ‘ಸಾಹೇಬ್ರ ಆಪ್ತ’. ಉಳಿದವು ಅದರ ಕವಲುಗಳು. ಚತುರ್ಥಿ: ‘ಸಾಹೇಬ್ರಿಗೆ ಹೇಳ್ತೀನ್ರಿ.’ ಸಪ್ತಮಿ: ‘ಮೀಟಿಂಗಿನ್ಯಾಗ ಅದಾರ್ರಿ.’ ಪಂಚಮಿಯ ‘ದೆಸೆಯಿಂದ’ ಎಂಬ ಪ್ರತ್ಯಯ ಶಾಲೆಯ ಪುಸ್ತಕದಲ್ಲಿ ಸತ್ತಿದೆ ಎಂದುಕೊಂಡಿದ್ದೆವು. ಗುದ್ದಲಿಪೂಜೆಯ ಭಾಷಣದಲ್ಲಿ ಇನ್ನೂ ಉಸಿರಾಡುತ್ತಿದೆ.

ಕ್ರಿಯಾಪದ ಹೆಚ್ಚು ರಸವತ್ತಾದುದು. ಆಪ್ತ ಏನನ್ನೂ ‘ಮಾಡುವುದಿಲ್ಲ’, ಪ್ರೇರಣಾರ್ಥಕವೊಂದೇ ಅವನಿಗೆ ಗೊತ್ತು. ಎಡದಂಡೆ ಕಾಲುವೆ ಕಡೆಯ ರೈತನೊಬ್ಬ ‘ಅಣ್ಣಾ, ಕರೆಂಟಿನ ಟಿ.ಸಿ. ಸುಟ್ಟು ಎಂಟು ದಿನ ಆತು’ ಎನ್ನುತ್ತಾನೆ. ‘ಹಾಕಸ್ತೀನಿ ತಡಿಯಪಾ’ ಎಂದು ಆಪ್ತ ಫೋನು ಕಿವಿಗಿಡುತ್ತಾನೆ. ಆ ಕಡೆ ಯಾರೂ ಎತ್ತಿಲ್ಲ. ಆದರೂ ಆಪ್ತ ಎರಡು ನಿಮಿಷ ಮಾತಾಡುತ್ತಾನೆ, ನಡುವೆ ಒಮ್ಮೆ ಗದರುತ್ತಾನೆ ಕೂಡ. ಇದನ್ನು ಅಕರ್ಮಕ ಎನ್ನಬೇಕೋ ಸಕರ್ಮಕ ಎನ್ನಬೇಕೋ ಎಂಬಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಟಿ.ಸಿ. ಬಂದರೆ ‘ಹಾಕಸಿದೆ’, ಬಾರದಿದ್ದರೆ ‘ಜೆಸ್ಕಾಂನವರು ಹಾಕಲಿಲ್ಲ’.

ಪ್ರಥಮಾ ವಿಭಕ್ತಿ, ಅಂದರೆ ತಾನೇ ಕರ್ತೃವಾಗುವುದು, ಇವನ ಮೋಕ್ಷ. ಗ್ರಾಮ ಪಂಚಾಯಿತಿಗೆ ನಿಲ್ಲಬಹುದಿತ್ತು. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಓಣಿಯ ಮಂದಿಗೆ ಇವನ ಗುರುತು ಚೆನ್ನಾಗಿರುತ್ತದೆ. ಎರಡೂ ಅಪಾಯ. ಆದ್ದರಿಂದ ತಾಲ್ಲೂಕು ಪಂಚಾಯಿತಿಯನ್ನೇ ನಂಬಿದ. 2021ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿಯಿತು. ಕ್ಷೇತ್ರವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಚುನಾವಣೆ ವರ್ಷವರ್ಷ ಮುಂದಕ್ಕೆ ಹೋಯಿತು. ಗೆದ್ದಿದ್ದವರು ‘ಮಾಜಿ’ ಎಂದು ಭೂತಕಾಲದಲ್ಲಾದರೂ ನೆಲೆನಿಂತರು. ಆಪ್ತ ‘ಭಾವಿ’ಯಾಗಿಯೇ ಉಳಿದ. ಹೊಲಿಸಿದ ಖಾದಿ ಅಂಗಿಗೆ ಹೊಟ್ಟೆ ಹಿಡಿಸದಾಯಿತು.

ಕೊನೆಯದಾಗಿ ಶಾಸನಾಧಾರ. ಹುಲಿಗೆಮ್ಮನ ಜಾತ್ರೆಗೆ ಶುಭ ಕೋರಿ ಕ್ರಾಸಿನಲ್ಲಿ ಕಟ್ಟಿದ ಫ್ಲೆಕ್ಸಿನ ಕೆಳಸಾಲಿನ ತುದಿಯಲ್ಲಿ ಆಪ್ತನ ಮುಖವಿತ್ತು, ಅದರಡಿ ಹೆಸರು, ‘ಯುವ ಮುಖಂಡರು’ ಎಂಬ ಬಿರುದು. ವಯಸ್ಸು ಐವತ್ತೆರಡು. ಗಾಳಿ ಹಾಯಲೆಂದು ಕೊಯ್ದ ಅರ್ಧಚಂದ್ರ ಸರಿಯಾಗಿ ಎಡಗಲ್ಲದ ಮೇಲೆ ಬಿದ್ದು, ಲಾರಿ ಹಾದುಹೋದಾಗಲೆಲ್ಲ ಗಲ್ಲ ಪಟಪಟ ಬಡಿದುಕೊಳ್ಳುತ್ತಿತ್ತು. ಅವನೇ ಅಂಗಡಿಯಿಂದ ಟೇಪು ಇಸಿದುಕೊಂಡು ಹಿಂದಿನಿಂದ ಅಂಟಿಸಿದ.

ಚಹಾ ಕುಡಿಯುತ್ತಿದ್ದ ಡ್ರೈವರ್ ಅದನ್ನು ನೋಡಿ, ‘ಅವ್ರ್ಯಾರ್ರೀ?’ ಎಂದ.

ಅಂಗಡಿಯವನು ತಲೆ ಎತ್ತದೆ ಹೇಳಿದ: ‘ಸಾಹೇಬ್ರ ಮಂದಿ.’