‘ದೋಂದೆ ಎಸ್ತಾ’ ಪ್ರವಾಸಿ

ವಿದೇಶ ಸುತ್ತುವವರಲ್ಲಿ ‘ದೋಂದೆ ಎಸ್ತಾ’ ಪಂಗಡದವರನ್ನು ಗುರುತಿಸುವುದು ಸುಲಭ. ಹೆಗಲಲ್ಲಿ ಚೀಲ, ಕೈಯಲ್ಲಿ ಕಿರುಪುಸ್ತಕ, ಬಾಯಲ್ಲಿ ಒಂದೇ ವಾಕ್ಯ. ಸ್ಪ್ಯಾನಿಷ್‌ನಲ್ಲಿ ‘ದೋಂದೆ ಎಸ್ತಾ’ ಎಂದರೆ ‘ಎಲ್ಲಿದೆ’. ಅದಕ್ಕೆ ‘ಎಲ್ ಬಾನ್ಯೊ’ ಅಂಟಿಸಿದರೆ ಶೌಚಾಲಯ, ‘ಲಾ ಎಸ್ತಸಿಯೋನ್’ ಅಂಟಿಸಿದರೆ ರೈಲು ನಿಲ್ದಾಣ. ಇಷ್ಟನ್ನು ಈತ ವಿಮಾನದಲ್ಲೇ ಗಿಣಿಪಾಠ ಮಾಡಿ, ಉಚ್ಚಾರಣೆಯನ್ನು ತಿದ್ದಿ ತೀಡಿಕೊಂಡಿರುತ್ತಾನೆ. ಎಡವಟ್ಟಾಗುವುದು ಅದರಿಂದಲೇ. ಉಚ್ಚಾರಣೆ ಚೆನ್ನಾಗಿದ್ದಷ್ಟೂ, ಇವನಿಗೆ ಭಾಷೆ ಬರುತ್ತದೆಂದು ನಂಬಿ ಎದುರಿನವರು ಅರಳು ಹುರಿದಂತೆ ಉತ್ತರ ಕೊಡುತ್ತಾರೆ.

ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್ ಚೌಕದಲ್ಲಿ ಸ್ಪೇನಿನ ಹೆದ್ದಾರಿಗಳ ಅಳತೆ ಶುರುವಾಗುವ ಸೊನ್ನೆ ಕಿಲೋಮೀಟರ್ ಕಲ್ಲಿದೆ. ಅದರ ಮೇಲೆ ನಿಂತೇ ಈತ ದಾರಿ ತಪ್ಪಿರುತ್ತಾನೆ. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬಳನ್ನು ತಡೆದು ‘ದೋಂದೆ ಎಸ್ತಾ ಲಾ ಪ್ಲಾಸಾ ಮಯೋರ್?’ ಎನ್ನುತ್ತಾನೆ. ನೆಟ್ಟಗೆ ಹೋಗಿ ಬಲಕ್ಕೆ ಹೊರಳಿ, ಮೂಲೆಯ ಪಕ್ಕದಲ್ಲಿ ಏನೋ, ಅದರ ಎದುರಿಗೆ ಇನ್ನೇನೋ ಎಂದು ಅಜ್ಜಿ ವಿವರಿಸುತ್ತಾಳೆ. ಈತನ ಕಿವಿಗೆ ಬಿದ್ದದ್ದು ಬಲಕ್ಕೆ ಎನ್ನುವ ‘ದೆರೇಚಾ’ ಒಂದೇ. ಆದರೂ ಪ್ರತಿ ಮಾತಿಗೂ ‘ಸೀ, ಸೀ’ ಎಂದು ತಲೆಯಾಡಿಸಿ, ‘ಗ್ರಾಸಿಯಾಸ್’ ಹೇಳಿ, ಅವಳ ಕೈ ಕೊನೆಗೆ ಬೀಸಿದ ದಿಕ್ಕಿಗೆ ಹೊರಡುತ್ತಾನೆ. ಮುಂದಿನ ಮೂಲೆಯಲ್ಲಿ ಇನ್ನೊಬ್ಬರು ಸಿಗುತ್ತಾರೆ, ಅದೇ ಪ್ರಶ್ನೆ. ಕೆಲವೇ ನಿಮಿಷ ನಡೆದರೆ ಸಿಗುವ ಪ್ಲಾಸಾ ಮಯೋರ್ ಚೌಕಕ್ಕೆ ಈತ ಅರ್ಧ ಪೇಟೆಯ ಪರಿಚಯ ಮಾಡಿಕೊಂಡು ಬರುತ್ತಾನೆ.

ಈ ಪಂಗಡದಲ್ಲಿ ವ್ಯಾಕರಣ ಓದಿದವರ ಪಾಡು ಇನ್ನೂ ಕಷ್ಟ. ‘ಇರು’ ಎನ್ನಲು ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾಪದ: ಶಾಶ್ವತವಾದದ್ದಕ್ಕೆ ‘ಸೇರ್’, ತಾತ್ಕಾಲಿಕಕ್ಕೆ ‘ಎಸ್ತಾರ್’ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಆದರೆ 1819ರಲ್ಲಿ ಬಾಗಿಲು ತೆರೆದು ಇದ್ದಲ್ಲೇ ಇರುವ ಪ್ರಾದೊ ಮ್ಯೂಸಿಯಂ ಎಲ್ಲಿದೆ ಎನ್ನಲು ಬೇಕಾದದ್ದು ‘ಎಸ್ತಾರ್’. ಬೆಳಗಾಗುವುದರೊಳಗೆ ಮುಗಿದುಹೋಗುವ ಪಾರ್ಟಿ ಎಲ್ಲಿ ನಡೆಯುತ್ತದೆ ಎನ್ನಲು ‘ಸೇರ್’. ಪಂಡಿತ ಇದನ್ನು ತೂಗಿ ನೋಡುವಷ್ಟರಲ್ಲಿ ದಾರಿಹೋಕ ಕಣ್ಮರೆ. ಸ್ಪ್ಯಾನಿಷ್‌ನಲ್ಲಿ ಇಲ್ಲಿ, ಅಲ್ಲಿಗಳ ನಡುವೆ ‘ಅಈ’ ಎಂಬ ಮೂರನೆಯದೂ ಇದೆಯೆಂದು ಕನ್ನಡಿಗ ಗೊಣಗುವಂತಿಲ್ಲ. ಹಳಗನ್ನಡದಲ್ಲಿ ಇವಂ, ಅವಂ ಜೊತೆಗೆ ನಡುವಿನ ಉವಂ ನಮಗೂ ಇದ್ದ.

ಸ್ಪೇನಿನಲ್ಲಿ ಪಳಗಿ ಮೆಕ್ಸಿಕೊಗೆ ಹೋದವನಿಗೆ ಹೊಸ ಪರೀಕ್ಷೆ. ಅಲ್ಲಿ ‘ದೆರೇಚಾ’ ಎಂದರೆ ಬಲಕ್ಕೆ, ‘ದೆರೇಚೊ’ ಎಂದರೆ ನೇರಕ್ಕೆ. ಕೊನೆಯ ಸ್ವರ ನುಂಗಿದವನು ಬೇರೆ ಬಡಾವಣೆಯಲ್ಲಿ ತೇಲುತ್ತಾನೆ.

ಮಧ್ಯ ಅಮೆರಿಕದಲ್ಲಂತೂ ಪೂರ್ತಿ ಅರ್ಥವಾದರೂ ಪ್ರಯೋಜನವಿಲ್ಲ. ಕೋಸ್ಟರೀಕಾದಲ್ಲಿ ‘ನೂರು ಮೀಟರ್’ ಎಂದರೆ ಒಂದು ಅಡ್ಡರಸ್ತೆಯಿಂದ ಮುಂದಿನದರವರೆಗಿನ ದೂರ, ಅಳೆದರೆ ಎಷ್ಟೇ ಇರಲಿ. ಆ ದೂರವನ್ನಾದರೂ ಎಲ್ಲಿಂದ ಎಣಿಸಬೇಕು? ರಾಜಧಾನಿ ಸಾನ್ ಹೋಸೆಯ ಪಕ್ಕದ ಸಾನ್ ಪೆದ್ರೊದಲ್ಲಿ ಜನ ‘ಹಳೇ ಇಗೆರೋನ್’ ಮರದಿಂದ ಎಣಿಸುತ್ತಾರೆ. ಆ ಮರ ಹೋಗಿ ಎಷ್ಟೋ ಕಾಲವಾಯಿತು. ನಿಕರಾಗುವಾದ ಮನಾಗುವಾದಲ್ಲಿ ಉತ್ತರಕ್ಕೆ ‘ಕೆರೆಯ ಕಡೆ’, ಸೂರ್ಯ ಏರುವ ಪೂರ್ವಕ್ಕೆ ‘ಮೇಲೆ’, ಪಶ್ಚಿಮಕ್ಕೆ ‘ಕೆಳಗೆ’ ಎನ್ನುತ್ತಾರೆ. 1972ರ ಡಿಸೆಂಬರ್ ಭೂಕಂಪ ಊರ ನಡುಭಾಗವನ್ನು ನೆಲಸಮ ಮಾಡಿದ ಮೇಲೂ ಜನ ‘ಮೊದಲು ಇಂಥದ್ದು ಇದ್ದ ಕಡೆಯಿಂದ’ ಎಂದೇ ದಾರಿ ಹೇಳುತ್ತಾ ಬಂದಿದ್ದಾರೆ. ‘ದೋಂದೆ ಎಸ್ತಾ’ ಪ್ರವಾಸಿ ಅಲ್ಲಿ ಪುಸ್ತಕ ಮಡಚಿ ಟ್ಯಾಕ್ಸಿ ಹತ್ತುವುದು ಕ್ಷೇಮ. ಇಲ್ಲದ ಮರ ಎಲ್ಲಿತ್ತೆಂಬುದು ಚಾಲಕನಿಗೆ ಗೊತ್ತಿರುತ್ತದೆ.